ಅಮ್ಮ ಓಡಿಸುತ್ತಿದ್ದ ಕಾರು

ನಮ್ಮ ಮನೆಯಲ್ಲಿ ಕಾರು ಓಡಿಸುತ್ತಿದ್ದವಳು ಅಮ್ಮ ಒಬ್ಬಳೇ. ಅಪ್ಪನಿಗೆ ಮೊಪೆಡ್ ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ನನಗೆ ಸೈಕಲ್ಲೂ ನೆಟ್ಟಗೆ ಬರುತ್ತಿರಲಿಲ್ಲ. ಅಮ್ಮ ಮಾತ್ರ ಮಧ್ಯಾಹ್ನ ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿ, ಕೈಕಾಲು ತೊಳೆದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಪಡಸಾಲೆಯ ಮೂಲೆಯಲ್ಲಿದ್ದ ಕಂಪ್ಯೂಟರಿನ ಮುಂದೆ ಕೂತಳೆಂದರೆ ಮುಗಿಯಿತು, ಕೆಂಪು ಕಾರೊಂದನ್ನು ಸಮುದ್ರದ ದಂಡೆಯ ರಸ್ತೆಯಲ್ಲಿ ಹೊಡೆದುಕೊಂಡು ಹೋಗುತ್ತಿದ್ದಳು. ಸಮುದ್ರವನ್ನು ಅವಳು ಯಾವತ್ತೂ ನೋಡಿರಲಿಲ್ಲ.

ನಮ್ಮೂರಿಂದ ಸಾದಲಿಗೆ ನಡೆದೇ ಹೋಗಬಹುದು. ಹಿಪ್ಪುನೇರಳೆ ತೋಟ, ರೇಷ್ಮೆ ಹುಳ, ಕೊಟ್ಟಿಗೆಯಲ್ಲಿ ಹಸು. ಮನೆಯ ಹೊತ್ತುಗೊತ್ತೆಲ್ಲ ಹುಳದ ಹಸಿವಿಗೆ ಕಟ್ಟುಬಿದ್ದದ್ದು. ಹುಳ ತಿನ್ನುವಾಗ ನಮಗೆ ಪುರುಸೊತ್ತಿಲ್ಲ. ಹುಳ ಜ್ವರಕ್ಕೆ ಕೂತಾಗ, ಅಂದರೆ ಪೊರೆ ಕಳಚಲು ಸೊಪ್ಪು ಬಿಟ್ಟು ಸುಮ್ಮನಾದಾಗ, ನಮಗೂ ಒಂಚೂರು ಬಿಡುವು. ನಾನು ಚಿಂತಾಮಣಿಯಲ್ಲಿ ಬಿಸಿಎ ಸೇರಿದ ವರ್ಷ ಬೆಳೆ ಚೆನ್ನಾಗಿ ಬಂತು. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಗೂಡು ಮಾರಿ ಬಂದ ಅಪ್ಪ, 'ಓದೋ ಹುಡುಗಿ, ಕಂಪ್ಯೂಟರ್ ಇಲ್ದೆ ಕಂಪ್ಯೂಟರ್ ಹೆಂಗೆ ಓದ್ತೈತೆ' ಅಂತ ತಾವೇ ಹೇಳಿ ಒಂದನ್ನು ತರಿಸಿಬಿಟ್ಟರು. ಹೊಸ ಶತಮಾನ ಶುರುವಾಗಿ ಇನ್ನೂ ಕೆಲವೇ ವರ್ಷ. ಊರಲ್ಲಿ ಬೇರೆ ಯಾರ ಮನೆಯಲ್ಲೂ ಕಂಪ್ಯೂಟರ್ ಇರಲಿಲ್ಲ. ಚಿಂತಾಮಣಿಯ ಅಂಗಡಿಯವರು ಬಿಡಿಭಾಗಗಳನ್ನು ಜೋಡಿಸಿ ಕಟ್ಟಿಕೊಟ್ಟ ಆ ಪೆಟ್ಟಿಗೆಯ ಜೊತೆಗೆ ಪುಕ್ಕಟೆ ಎಂದು ಒಂದಿಷ್ಟು ಆಟಗಳನ್ನೂ ತುಂಬಿ ಕಳಿಸಿದ್ದರು.

ಅದರಲ್ಲೊಂದು ಕಾರಿನ ಆಟ. ಒಂದು ಮಧ್ಯಾಹ್ನ ಪಾಠ ಬೇಜಾರಾಗಿ ನಾನೇ ಅದನ್ನು ತೆರೆದು ಆಡುತ್ತಿದ್ದೆ. ಪ್ರತಿ ತಿರುವಿನಲ್ಲೂ ಗೋಡೆಗೆ ಗುದ್ದುತ್ತಿದ್ದೆ. ಸೊಪ್ಪಿನ ಕುಕ್ಕೆ ಸೊಂಟಕ್ಕಾನಿಸಿಕೊಂಡು ಹಿಂದೆ ನಿಂತಿದ್ದ ಅಮ್ಮನಿಗೆ ತಡೆಯಲಾಗಲಿಲ್ಲ.

"ತಿರುವು ಬರ್ತಾ ಐತೆ ಅಂತ ಕಾಣಲ್ವೇನೇ ನಿಂಗೆ? ಮುಂಚೇನೇ ತಿರುಗಿಸ್ಬಾರ್ದಾ?"

"ಹೇಳೋದು ಸುಲಭ. ನೀನೇ ಓಡ್ಸು ನೋಡಣ."

ಅಮ್ಮ ಕುಕ್ಕೆ ಕೆಳಗಿಟ್ಟು ಕೂತಳು. ಮೊದಲ ದಿನ ಅವಳೂ ಗುದ್ದಿದಳು. ವಾರದೊಳಗೆ ನನಗಿಂತ ಮುಂದೆ ಹೋದಳು. ತಿಂಗಳಾಗುವಷ್ಟರಲ್ಲಿ ಕಂಪ್ಯೂಟರ್ ನನ್ನದು ಅನ್ನುವುದು ಹೆಸರಿಗೆ ಮಾತ್ರ ಉಳಿಯಿತು. ಅಮ್ಮನ ತವರು ಬಾಗೇಪಲ್ಲಿ ಕಡೆ, ಮನೆಮಾತು ತೆಲುಗು. ಮದುವೆಯಾಗಿ ಬಂದ ಮೇಲೆ ಕನ್ನಡದಲ್ಲೇ ಬಾಳಿದವಳಿಗೆ ಸಿಟ್ಟು ಬಂದಾಗ, ಖುಷಿಯಾದಾಗ ಮಾತ್ರ ತೆಲುಗು ಉಕ್ಕುತ್ತಿತ್ತು. ಮುಂದೆ ಹೋಗುವ ಹಳದಿ ಕಾರಿನ ಬೆನ್ನಿಗೆ ಬಿದ್ದಾಗಲಂತೂ ಪಡಸಾಲೆಯೆಲ್ಲ ಕೇಳುವಂತೆ, "ಪಕ್ಕಕು ಜರುಗ್ರಾ!" ಎಂದು ಗದರುವಳು. ಪಕ್ಕಕ್ಕೆ ಸರಿಯೋ ಅಂತ. ಜೀವಮಾನದಲ್ಲಿ ಯಾರಿಗೂ ಪಕ್ಕಕ್ಕೆ ಸರಿ ಎಂದು ಹೇಳದ ಹೆಂಗಸು ಅವಳು. ಬಸ್ಸಿನಲ್ಲಿ ಕೂಡ ಸೀಟಿನ ತುದಿಯಲ್ಲಿ ಕೂರುವವಳು.

ಅವಳು ಆಡುವವಳು, ನಾನು ಪೆಟ್ಟಿಗೆ ನೋಡಿಕೊಳ್ಳುವವಳು. ಹೀಗೆ ನಮ್ಮ ಪಾಲು ತಾನಾಗಿ ಹಂಚಿಹೋಯಿತು.

ನೋಡಿಕೊಳ್ಳುವುದು ಸಣ್ಣ ಕೆಲಸವಾಗಿರಲಿಲ್ಲ. ಪಡಸಾಲೆಯ ಬಾಗಿಲು ದಾಟಿದರೆ ಹುಳದ ಮನೆ. ಹುಳ ಜ್ವರಕ್ಕೆ ಕೂತಾಗ ತಟ್ಟೆಗಳ ಮೇಲೆ ಸುಣ್ಣದ ಪುಡಿ ಉದುರಿಸುತ್ತಿದ್ದೆವು. ಬೆಳೆ ಮುಗಿದ ಮೇಲೆ ಬ್ಲೀಚಿಂಗ್ ಪುಡಿ ಕಲಸಿದ ನೀರಿನಲ್ಲಿ ಗೋಡೆ, ನೆಲ, ತಟ್ಟೆ ಎಲ್ಲ ತೊಳೆಯುತ್ತಿದ್ದೆವು. ಆ ಸುಣ್ಣ ಗಾಳಿಯಲ್ಲಿ ತೇಲಿ ಬಂದು ಕಂಪ್ಯೂಟರಿನ ಫ್ಯಾನಿಗೆ ಹತ್ತಿಕೊಳ್ಳುತ್ತಿತ್ತು. ಬ್ಲೀಚಿಂಗಿನ ಘಾಟು ಒಳಗಿನ ತಂತಿ, ತಿರುಪುಗಳಿಗೆ ತುಕ್ಕು ಹಿಡಿಸುತ್ತಿತ್ತು. ಬಟ್ಟೆ ಹೊದಿಸಿದೆ, ಪ್ಲಾಸ್ಟಿಕ್ ಹೊದಿಸಿದೆ, ಕೊನೆಗೆ ಅಮ್ಮನ ಹಳೇ ಸೀರೆಯಲ್ಲಿ ಗವುಸು ಹೊಲಿದೆ. ಆದರೂ ಪ್ರತಿ ಬೆಳೆಯ ನಂತರ ಪೆಟ್ಟಿಗೆ ಬಿಚ್ಚಿದರೆ ಒಳಗೆ ಬಿಳಿ ಪದರ ಕೂತಿರುತ್ತಿತ್ತು. ಬಣ್ಣ ಬಳಿಯುವ ಬ್ರಷ್ಷಿನಿಂದ ಫ್ಯಾನು ಗುಡಿಸಿ, ಸೈಕಲ್ ಪಂಪಿನಿಂದ ಗಾಳಿ ಹೊಡೆದು, ರ‍್ಯಾಮ್ ಕಿತ್ತು ಅದರ ಹೊಂಬಣ್ಣದ ಅಂಚನ್ನು ಸ್ಕೂಲ್ ಮಕ್ಕಳ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸುತ್ತಿದ್ದೆ. ಗುಂಡಿ ಒತ್ತಿದಾಗ ಬೀಪ್ ಬೀಪ್ ಎಂದು ಅಳದೆ ಒಂದೇ ಸಲ ಕೂಗಿ ಸುಮ್ಮನಾದರೆ ಗೆದ್ದಂತೆ. ಅಲ್ಲಿಯವರೆಗೂ ಅಮ್ಮ ಉಸಿರು ಬಿಗಿಹಿಡಿದು ನನ್ನ ಬೆನ್ನ ಹಿಂದೆ ನಿಂತಿರುತ್ತಿದ್ದಳು.

ಕರೆಂಟಿನ ಕಾಟ ಬೇರೆ. ತೋಟಗಳಲ್ಲಿ ಮೋಟಾರುಗಳು ಶುರುವಾದರೆ ವೋಲ್ಟೇಜ್ ಕುಸಿದು ಪರದೆಯ ಚಿತ್ರ ನಾಲ್ಕೂ ಕಡೆಯಿಂದ ಒಳಗೆ ಸೊರಗಿ ಅಂಗೈ ಅಗಲ ಆಗುತ್ತಿತ್ತು. ಅಮ್ಮ ಆ ಅಂಗೈ ಅಗಲದಲ್ಲೇ ಕಾರು ಓಡಿಸಿ ಗುರಿ ಮುಟ್ಟಿಸುತ್ತಿದ್ದಳು. ಯುಪಿಎಸ್ ಕೀ ಎಂದು ಕೂಗತೊಡಗಿದರೆ, "ಇರಪ್ಪ, ಇರಪ್ಪ, ಇನ್ನೊಂದೇ ತಿರುವು" ಎಂದು ಅದನ್ನು ಬೇಡಿಕೊಳ್ಳುವಳು. ಕೇಳದೆ ಅದು ಆರಿಹೋದರೆ "ಪೋನೀಲೇ" ಎನ್ನುವಳು. ಹೋಗಲಿ ಬಿಡು ಎಂದು ಅರ್ಥ. ಎದ್ದು ಸೊಪ್ಪು ತರಲು ಹೋಗುವಳು.

ಅಪ್ಪ ಇದನ್ನೆಲ್ಲ ಮೊದಮೊದಲು ನೋಡಿಯೂ ನೋಡದವರಂತಿದ್ದರು. ಆಮೇಲೆ ಹಾಲಿನ ಡೇರಿಯ ಹತ್ತಿರ ಯಾರೋ ಕಾರಿನ ಮಾತೆತ್ತಿದಾಗ, "ನಮ್ಮನೇಲೂ ಡ್ರೈವರ್ ಅವ್ಳೆ" ಎಂದರಂತೆ. ಅದನ್ನು ಅಮ್ಮನಿಗೆ ಯಾರೋ ಬಂದು ಹೇಳಿದರು. ಅವಳು ನಾಚಿಕೊಂಡು ಎರಡು ದಿನ ಕಂಪ್ಯೂಟರ್ ಮುಟ್ಟಲಿಲ್ಲ.

ನನ್ನ ಕೊನೆಯ ವರ್ಷ ಶುರುವಾದ ಹೊತ್ತಿಗೆ ಅಮ್ಮ ಮೊದಲ ಸಲ ಆ ಮಾತು ಹೇಳಿದಳು.

"ಅಮ್ಮಣ್ಣಿ, ಇದ್ರ ಬೊಂಬೆ ಮಸುಕಾಗೈತೆ ಕಣೇ. ರಸ್ತೆ ನೆಟ್ಟಗೆ ಕಾಣ್ತಿಲ್ಲ."

ಪರದೆಯ ಚಿತ್ರಕ್ಕೆ ಅವಳು ಬೊಂಬೆ ಎನ್ನುತ್ತಿದ್ದಳು. ನಾನು ಬಂದು ನೋಡಿದೆ. ನನಗೇನೂ ಮಸುಕು ಕಾಣಲಿಲ್ಲ. ಆದರೆ ದಿನವೂ ಆಡುವವಳು ಅವಳು, ಅವಳಿಗೆ ಗೊತ್ತಿರುತ್ತದೆ. ಮಾನಿಟರಿನ ಬೆಳಕು ಹೆಚ್ಚಿಸಿದೆ. ಗಾಜನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಅವಳು ಒಂದು ಸುತ್ತು ಓಡಿಸಿ, "ಈಗ ಪರವಾಗಿಲ್ಲ" ಎಂದಳು. ನಾಲ್ಕು ದಿನ ಕಳೆದ ಮೇಲೆ ಮತ್ತೆ ಅದೇ ಮಾತು.

ಮಾನಿಟರಿನ ಟ್ಯೂಬು ಸೋತಿರಬೇಕು ಅಂದುಕೊಂಡೆ. ಟಿವಿಗಳೂ ಹಳೆಯದಾದಂತೆ ಮಂಕಾಗುತ್ತವಲ್ಲ. ಆಗಿನ ಮಾನಿಟರೆಂದರೆ ಹಿಂಬದಿ ಉಬ್ಬಿದ, ಕಲ್ಲುಗುಂಡಿನಂಥ ಭಾರದ ಸಾಮಾನು. ಅದನ್ನು ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಚಿಂತಾಮಣಿಗೆ ಒಯ್ದೆ. ಕಂಡಕ್ಟರು, "ಏನಮ್ಮ ಅದು, ಲಗೇಜ್ ತಗೋಬೇಕಾಗ್ತದೆ" ಎಂದ. ಪಕ್ಕದಲ್ಲಿದ್ದ ಮುದುಕಿ, ಮುರುಗಮಲ್ಲದ ದರ್ಗಾಕ್ಕೆ ಹೊರಟವಳು, ಟಿವಿ ಅಂದುಕೊಂಡು, "ನಮ್ದೂ ಹಿಂಗೇ ಕೆಟ್ಟೈತೆ" ಎಂದು ತನ್ನ ಕಷ್ಟ ಹೇಳಿಕೊಂಡಳು. ಚಿಂತಾಮಣಿ ಬರುವಷ್ಟರಲ್ಲಿ ನನ್ನ ಕಾಲು ಜೋಮು ಹಿಡಿದು ಇಳಿಯಲಾಗದೆ ಕಂಬ ಹಿಡಿದು ನಿಂತೆ.

ಅಂಗಡಿಯ ಮಾಲೀಕರು ಅದನ್ನು ತಮ್ಮ ಕಂಪ್ಯೂಟರಿಗೆ ಸಿಕ್ಕಿಸಿ ನೋಡಿದರು.

"ಟ್ಯೂಬ್ ಚೆನ್ನಾಗೇ ಇದೆಯಲ್ಲಮ್ಮ. ಏನಾಗಿದೆ ಇದಕ್ಕೆ?"

"ಮಸುಕು ಸರ್. ರಸ್ತೆ ಕಾಣಲ್ಲ."

"ರಸ್ತೆ?"

"ಗೇಮಲ್ಲಿ, ಸರ್. ನಮ್ಮಮ್ಮ ಆಡ್ತಾರೆ."

ಅವರು ನಕ್ಕರು. ಕೆಟ್ಟ ನಗುವಲ್ಲ, ನಂಬಲಾಗದ ನಗು. ಆಮೇಲೆ ತಿಳಿಸಿ ಹೇಳಿದರು: ನಮ್ಮ ಕಂಪ್ಯೂಟರಿನಲ್ಲಿ ಚಿತ್ರ ಮೂಡಿಸುವುದಕ್ಕೆಂದು ಬೇರೆ ಕಾರ್ಡ್ ಇಲ್ಲ. ಬೋರ್ಡೇ ಆ ಕೆಲಸವನ್ನೂ ಹೇಗೋ ಮಾಡಿಕೊಂಡು ಹೋಗುತ್ತಿದೆ. ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಚಿತ್ರ ಕನ್ನಡಿಯಂತಾಗುತ್ತದೆ. "ದೂರದಲ್ಲಿರೋ ಮರದ ಎಲೆ ಕೂಡ ಎಣಿಸ್ಬೋದು" ಎಂದರು. ನನಗೆ ಆ ಮಾತು ಹಿಡಿಸಿಬಿಟ್ಟಿತು. ಮಾನಿಟರನ್ನು ಮತ್ತೆ ಗೋಣಿಯಲ್ಲಿ ಸುತ್ತಿಕೊಂಡು ಊರಿಗೆ ಬಂದೆ.

ಪೆಟ್ಟಿಗೆ ಬಿಚ್ಚಿ ನೋಡಿದರೆ ಬೋರ್ಡಿನಲ್ಲಿ ಗ್ರಾಫಿಕ್ಸ್ ಕಾರ್ಡ್ ಕೂರಿಸುವ ಜಾಗವೇ ಇರಲಿಲ್ಲ. ಆ ಜಾಗ ಇರಬೇಕಾದ ಕಡೆ ಹಸಿರು ಬೋರ್ಡು ಖಾಲಿ ಬಿದ್ದಿತ್ತು. ಮರುದಿನ ಕಾಲೇಜು ಮುಗಿಸಿ ಅಂಗಡಿಗೆ ಹೋಗಿ ಹೇಳಿದರೆ, ಹಾಗಾದರೆ ಬೋರ್ಡು ಬದಲಿಸಬೇಕು ಎಂದರು. ಹೊಸ ಬೋರ್ಡಿಗೆ ಹಳೇ ಪ್ರೊಸೆಸರ್ ಕೂರುವುದಿಲ್ಲ, ಅದನ್ನೂ ಬದಲಿಸಬೇಕು. ಹಳೇ ರ‍್ಯಾಮಿನ ಕಚ್ಚು ಬೇರೆ, ಹೊಸದರ ಕಚ್ಚು ಬೇರೆ, ಹಾಗಾಗಿ ಅದೂ ಹೊಸದಾಗಬೇಕು. ಇಷ್ಟನ್ನೆಲ್ಲ ಎಳೆಯಲು ಈಗಿರುವ ಪವರ್ ಸಪ್ಲೈಗೆ ತ್ರಾಣ ಸಾಲದು. ನಾನು ಒಂದು ಕಾರ್ಡಿಗೆಂದು ಹೋದವಳು, ಕೊನೆಗೆ ಹಳೆಯದರಲ್ಲಿ ಉಳಿಯುವುದು ತಗಡಿನ ಡಬ್ಬ, ಹಾರ್ಡ್ ಡಿಸ್ಕ್, ಮಾನಿಟರು ಇಷ್ಟೇ ಎಂದು ತಿಳಿದು ಅಂಗಡಿಯ ಕಟ್ಟೆಯ ಮೇಲೆ ಸುಮ್ಮನೆ ಕೂತೆ. ಮಾಲೀಕರಿಗೇ ಪಾಪ ಅನ್ನಿಸಿರಬೇಕು, ಟೀ ತರಿಸಿಕೊಟ್ಟರು.

ಮನೆಯಲ್ಲಿ ಹೇಳುವ ಧೈರ್ಯ ಬರಲಿಲ್ಲ. ಅಮ್ಮನಿಗೆ, "ಸ್ವಲ್ಪ ದಿನ ತಡ್ಕೋ, ಸರಿ ಮಾಡಿಸ್ತೀನಿ" ಎಂದಷ್ಟೇ ಹೇಳಿದೆ. ಆದರೆ ಅವಳು ಆಡುವುದನ್ನು ಪಕ್ಕದಲ್ಲಿ ಕೂತು ನೋಡಲು ಕಷ್ಟವಾಗುತ್ತಿತ್ತು. ಹಿಂದೆ ತಿರುವಿಗೆ ಮುಂಚೆಯೇ ಬಾಗುತ್ತಿದ್ದ ಕಾರು ಈಗ ತಿರುವಿಗೆ ಬಂದು ಗುದ್ದಿ, ಹಿಂದಕ್ಕೆ ಬಂದು, ಮತ್ತೆ ಗುದ್ದುತ್ತಿತ್ತು. ಹಳದಿ ಕಾರುಗಳು ಒಂದೊಂದಾಗಿ ಅವಳನ್ನು ದಾಟಿಹೋಗುತ್ತಿದ್ದವು. ಅಮ್ಮ ಮುಖವನ್ನು ಗಾಜಿನ ಹತ್ತಿರ, ಇನ್ನೂ ಹತ್ತಿರ ಒಯ್ಯುತ್ತಿದ್ದಳು. ನಾನು ಕೀಬೋರ್ಡಿನ ಬಾಣದ ಗುಂಡಿ ಸವೆದಿರಬೇಕು ಎಂದು ಹೊಸ ಕೀಬೋರ್ಡ್ ತಂದೆ. ಬೆಳಕಿನ ಪ್ರತಿಫಲನ ಇರಬೇಕು ಎಂದು ಮಾನಿಟರಿನ ಮುಂದೆ ನೇತುಹಾಕುವ ಕಪ್ಪು ಗಾಜು ತಂದೆ. ಅದು ಹಾಕಿದ ಮೇಲೆ, "ಅಯ್ಯೋ, ಸಂಜೆ ಆದಂಗೈತೆ, ತೆಗಿಯೇ" ಎಂದಳು. ತೆಗೆದೆ.

ಗೌರಿಬಿದನೂರಿನ ನನ್ನ ಸಹಪಾಠಿಯೊಬ್ಬಳು ತನ್ನ ಅಣ್ಣನ ಕಂಪ್ಯೂಟರಿನ ಆಟ ತೋರಿಸಲು ಮನೆಗೆ ಕರೆದಿದ್ದಳು. ಅಲ್ಲಿ ಗ್ರಾಫಿಕ್ಸ್ ಕಾರ್ಡ್ ಇದ್ದ ಪರದೆ ಕಂಡೆ. ಮಳೆ ನಿಂತ ಮೇಲಿನ ರಸ್ತೆಯಲ್ಲಿ ಕಾರಿನ ದೀಪ ಹೊಳೆಯುತ್ತಿತ್ತು, ಮರದ ನೆರಳು ಬಾನೆಟ್ಟಿನ ಮೇಲೆ ಹಾದುಹೋಗುತ್ತಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಇಡೀ ದಾರಿ ಅದೇ ಯೋಚನೆ. ಅಮ್ಮನಿಗೆ ಇಂಥದ್ದು ಕಂಡರೆ ಸಾಕು, ಮತ್ತೆ ಮೊದಲಿನಂತೆ ಓಡಿಸುತ್ತಾಳೆ. ನನಗೆ ಅದರಲ್ಲಿ ಒಂದಿಷ್ಟೂ ಸಂಶಯವಿರಲಿಲ್ಲ.

ಕೊನೆಗೆ ಅಪ್ಪನಿಗೆ ಹೇಳಿದವಳು ನಾನಲ್ಲ. ಅವರೇ ಒಂದು ಮಧ್ಯಾಹ್ನ ಊಟ ಮಾಡುತ್ತಾ ಅಮ್ಮ ಗೋಡೆಗೆ ಗುದ್ದುವುದನ್ನು ನೋಡಿ, "ಏನಾಗೈತೆ ಅದಕ್ಕೆ?" ಎಂದು ಕೇಳಿದರು. ನಾನು ಎಲ್ಲವನ್ನೂ ಹೇಳಿದೆ. ಅಪ್ಪ ಅನ್ನಕ್ಕೆ ಸೊಪ್ಪಿನ ಸಾರು ಕಲಸಿಕೊಂಡರು.

"ಹುಳದ ಮನೆಗೆ ಹೊಸ ಶೀಟ್ ಹಾಕ್ಸಣ ಅಂತಿದ್ದೆ," ಎಂದರು. ಒಂದು ತುತ್ತು ನುಂಗಿ, "ಇರ್ಲಿ. ಈ ಬೆಳೆ ಗೂಡು ಹೋಗ್ಲಿ, ಮೊದ್ಲು ಅದನ್ನ ಮಾಡ್ಸು" ಎಂದರು. ಅಮ್ಮ ಬೇಡವೇ ಬೇಡ ಎಂದಳು. ಅಪ್ಪ ಕೇಳಲಿಲ್ಲ. ಅವರು ಹೆಂಡತಿಗಾಗಿ ಬಾಯಿಬಿಟ್ಟು ಏನನ್ನಾದರೂ ತರಿಸಿದ್ದನ್ನು ನಾನು ಕಂಡದ್ದು ಕಡಿಮೆ.

ಗೂಡು ಮಾರಾಟವಾಯಿತು. ಹೊಸ ಬೋರ್ಡು, ಹೊಸ ಪ್ರೊಸೆಸರ್, ಹೊಸ ರ‍್ಯಾಮ್, ಹೊಸ ಪವರ್ ಸಪ್ಲೈ, ಎಲ್ಲಕ್ಕಿಂತ ಮುಖ್ಯವಾಗಿ ಪುಟ್ಟ ಫ್ಯಾನ್ ಇದ್ದ ಗ್ರಾಫಿಕ್ಸ್ ಕಾರ್ಡು ಬಂತು. ಜೋಡಿಸಿದ್ದು ನಾನೇ. ಅಂಗಡಿಯಲ್ಲಿ ನಿಂತು ನೋಡಿ ಕಲಿತಿದ್ದೆ. ಕಾರ್ಡು ಕಚ್ಚಿನಲ್ಲಿ ಟಕ್ ಎಂದು ಕೂತಾಗ ನನ್ನ ಮೈ ಬೆವರಿತ್ತು. ಗುಂಡಿ ಒತ್ತಿದೆ. ಒಂದೇ ಸಲ ಕೂಗಿತು. ಆಟ ತೆರೆದರೆ ಅದೇ ಹಳೇ ಸಮುದ್ರದ ದಂಡೆ, ಆದರೆ ನೀರಿನಲ್ಲಿ ಅಲೆ ಕಾಣುತ್ತಿತ್ತು. ತೆಂಗಿನ ಗರಿ ಬಿಡಿಬಿಡಿಯಾಗಿ ಆಡುತ್ತಿತ್ತು. ಅಪ್ಪ ಹುಳದ ಮನೆಯ ಬಾಗಿಲಲ್ಲಿ ನಿಂತು, "ಹ್ಞಾ" ಎಂದರು.

ಅಮ್ಮ ಕೈ ಒರೆಸಿಕೊಂಡು ಬಂದು ಕೂತಳು.

"ಹೆಂಗೈತಮ್ಮ?"

"ಚೆನ್ನಾಗೈತೆ."

"ನೀರು ನೋಡು, ಅಲೆ ಬರ್ತಾವೆ."

"ಹೂಂ. ಚೆನ್ನಾಗೈತೆ ಕಣಮ್ಮ."

ಕಾರು ಹೊರಟಿತು. ಮೊದಲ ತಿರುವಿನಲ್ಲೇ ತಡೆಗೋಡೆ ಹಾರಿ ಆ ಹೊಸ ನೀರಿನೊಳಕ್ಕೆ ಬಿತ್ತು. ಅಮ್ಮ ನಗಲು ನೋಡಿದಳು. ಮತ್ತೆ ಹೊರಡಿಸಿದಳು. ಮತ್ತೆ ಬಿತ್ತು. ಕೊನೆಗೆ ಕೈಯನ್ನು ಕೀಬೋರ್ಡಿನಿಂದ ತೆಗೆದು ಮಡಿಲಲ್ಲಿಟ್ಟುಕೊಂಡು ಹೇಳಿದಳು:

"ಗಾಜಿನ ಮೇಲೆ ಮಸಿ ಹಂಗೆ ಏನೋ ತೇಲ್ತಾ ಐತೆ ಕಣೇ. ನಾನು ಆ ಕಡೆ ನೋಡಿದ್ರೆ ಅದೂ ಆ ಕಡೆ ಬರ್ತೈತೆ."

ನಾನು ಗಾಜನ್ನು ಒರೆಸಿದೆ. ಗಾಜಿನ ಮೇಲೆ ಏನೂ ಇರಲಿಲ್ಲ. ಹೊಸ ಕಾರ್ಡೇ ಕೆಟ್ಟದ್ದು ಬಂದಿದೆ ಅಂದುಕೊಂಡೆ. ಅದನ್ನು ಕಿತ್ತು, ರಬ್ಬರಿನಿಂದ ಉಜ್ಜಿ ಕೂರಿಸಿದೆ. ಡ್ರೈವರ್ ಸಿಡಿ ಹಾಕಿ ಮತ್ತೆ ತುಂಬಿಸಿದೆ. ಕಾರ್ಡು ಹಿಡಿದುಕೊಂಡು ಚಿಂತಾಮಣಿಗೆ ಹೋದರೆ ಮಾಲೀಕರು ಪರೀಕ್ಷಿಸಿ, "ಮೇಡಂ, ಇದ್ರಲ್ಲಿ ಏನೂ ದೋಷ ಇಲ್ಲ" ಎಂದರು. ಅವರ ಬಾಯಲ್ಲಿ ಅಮ್ಮ ಹೋಗಿ ಮೇಡಂ ಆಗಿದ್ದೆ. ಅವರ ತಾಳ್ಮೆ ಮುಗಿದಿತ್ತು ಅಂತ ಅರ್ಥ. ನಾನು ಕಾರ್ಡನ್ನು ಬ್ಯಾಗಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿನಲ್ಲಿ ಕೂತೆ. ಇನ್ನು ಬದಲಿಸಲು ಏನೂ ಉಳಿದಿರಲಿಲ್ಲ. ಪೆಟ್ಟಿಗೆಯಲ್ಲಿ ಕೈಯಾಡಿಸದ ಜಾಗವಿರಲಿಲ್ಲ. ಅಮ್ಮನಿಗೆ ಹೋಗಿ ಏನು ಹೇಳಲಿ ಎಂದು ಯೋಚಿಸುತ್ತಾ ಎರಡು ಬಸ್ಸು ಬಿಟ್ಟೆ.

ಅದಾದ ಮುಂದಿನ ಬೆಳೆ ಹಣ್ಣಾಯಿತು. ಹುಳ ಹಣ್ಣಾಗುವುದೆಂದರೆ ತಿನ್ನುವುದು ನಿಲ್ಲಿಸಿ ಗೂಡು ಕಟ್ಟಲು ತಯಾರಾಗುವುದು. ಮೈಯ ಬಿಳುಪು ಕರಗಿ ಹಳದಿಯಾಗಿ, ಬೆಳಕಿಗೆ ಹಿಡಿದರೆ ಆಚೆ ಕಾಣುವಂತಾಗುತ್ತದೆ. ಅಂಥವನ್ನು ಮಾತ್ರ ಆರಿಸಿ ಚಂದ್ರಿಕೆಗೆ, ಅಂದರೆ ಬಿದಿರಿನ ಸುರುಳಿ ಕಟ್ಟಿದ ಚಾಪೆಗೆ ಬಿಡಬೇಕು. ಹಸಿ ಹುಳ ಬಿಟ್ಟರೆ ಅದು ಗೂಡು ಕಟ್ಟದೆ ಅಲೆದಾಡಿ ಕೆಳಗೆ ಬಿದ್ದು ಹಾಳಾಗುತ್ತದೆ. ಆ ದಿನ ಮನೆಮಂದಿಗೆಲ್ಲ ಕೈತುಂಬ ಕೆಲಸ. ಪಕ್ಕದ ಊರಿನಿಂದ ಅತ್ತೆ, ಅಪ್ಪನ ತಂಗಿ, ಪ್ರತಿ ಸಲದಂತೆ ಬಂದಿದ್ದಳು. ಹಣ್ಣುಹುಳ ಆರಿಸುವುದರಲ್ಲಿ ನಮ್ಮಮ್ಮನನ್ನು ಮೀರಿಸುವವರು ಸುತ್ತಮುತ್ತ ಇರಲಿಲ್ಲ. ಮಾತಾಡುತ್ತಲೇ, ತಟ್ಟೆಯ ಮೇಲೆ ಕಣ್ಣು ಹಾಯಿಸಿದಂತೆ ಮಾಡಿ, ಸರಸರನೆ ಹೆಕ್ಕುವಳು.

ಬೆಳಗಿನ ಬಿಸಿಲು ಕಿಟಕಿಯಿಂದ ತಟ್ಟೆಗಳ ಮೇಲೆ ಬಿದ್ದಿತ್ತು. ಅಮ್ಮ ತುಂಬಿಸಿಟ್ಟ ಚಂದ್ರಿಕೆಯನ್ನು ಎತ್ತಲು ಹೋದ ಅತ್ತೆ ಅಲ್ಲೇ ನಿಂತಳು.

"ಅತ್ತಿಗೆ, ಇದೇನ್ ಹಿಂಗ್ ಮಾಡಿದ್ದೀಯ? ಇವೆಲ್ಲ ಹಸಿ ಹುಳ."

"ಎಲ್ಲಿ?"

"ಇಗೋ. ಇದು, ಇದು, ಇದು. ಅರ್ಧಕ್ಕರ್ಧ ಹಸೀವೇ ಅವೆ."

ಅಮ್ಮ ಒಂದು ಹುಳವನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಕಣ್ಣಿನ ಹತ್ತಿರ ತಂದಳು. ಇನ್ನೂ ಹತ್ತಿರ. ಗಾಜಿನ ಪರದೆಗೆ ಮುಖ ಒಯ್ಯುತ್ತಿದ್ದಂತೆಯೇ.

"ಹಣ್ಣಾದಂಗೇ ಕಾಣ್ತೈತಲ್ಲೇ," ಎಂದಳು.

ನನ್ನ ಕೈಯಲ್ಲಿದ್ದ ತಟ್ಟೆಯನ್ನು ಹಾಗೇ ಕೆಳಗಿಟ್ಟೆ. ಹುಳದ ಮನೆಯಲ್ಲಿ ಮಾನಿಟರ್ ಇರಲಿಲ್ಲ, ಕಾರ್ಡ್ ಇರಲಿಲ್ಲ, ವೋಲ್ಟೇಜ್ ಇರಲಿಲ್ಲ. ಹಗಲಿನ ಬೆಳಕು, ಅಮ್ಮನ ಬೆರಳ ನಡುವೆ ಒಂದು ಹಸಿ ಹುಳ.

"ಅಮ್ಮ, ಆ ಮಸಿ ಈಗ್ಲೂ ತೇಲ್ತಾ ಐತಾ?"

"ಹೂಂ," ಎಂದಳು, ತನಗೇ ಆಶ್ಚರ್ಯವಾದಂತೆ. "ಇಲ್ಲೂ ಐತೆ ಕಣೇ."

ಚಿಂತಾಮಣಿಯ ಕಣ್ಣಿನ ಡಾಕ್ಟರು ದೀಪ ಹಿಡಿದು ನೋಡಿದವರೇ ಸಕ್ಕರೆ ಕಾಯಿಲೆ ಇದೆಯೇ ಎಂದು ಕೇಳಿದರು. ಇತ್ತು. ಇರುವುದು ನಮಗೆಲ್ಲ ಗೊತ್ತಿತ್ತು. ಅಮ್ಮ ನೆನಪಾದಾಗ ಮಾತ್ರೆ ನುಂಗುತ್ತಿದ್ದಳು, ಹುಳದ ಕೆಲಸ ಹೆಚ್ಚಿದ್ದಾಗ ಮರೆಯುತ್ತಿದ್ದಳು. ಅದು ಕಣ್ಣಿಗೆ ಹೋಗುತ್ತದೆಂದು ನಮಗೆ ಯಾರೂ ಹೇಳಿರಲಿಲ್ಲ, ಅಥವಾ ಹೇಳಿದ್ದನ್ನು ನಾವು ಕೇಳಿಸಿಕೊಂಡಿರಲಿಲ್ಲ. ಅಲ್ಲಿಂದ ಬೆಂಗಳೂರಿನ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಕಣ್ಣಿಗೆ ಹನಿ ಹಾಕಿ ಕೂರಿಸಿ, ದೊಡ್ಡ ಯಂತ್ರದಲ್ಲಿ ಕಣ್ಣಿನ ಒಳಭಾಗ ನೋಡಿ, ಡಾಕ್ಟರಮ್ಮ ನಿಧಾನವಾಗಿ ತಿಳಿಸಿದರು. ಕಣ್ಣಿನ ಹಿಂಭಾಗದ ಪರದೆಯಲ್ಲಿ ರಕ್ತ ಒಸರಿದೆ. ಲೇಸರ್ ಕೊಡಬೇಕು. "ಹೋಗಿರೋದು ವಾಪಸ್ ಬರೋದು ಕಷ್ಟ. ಇರೋದನ್ನ ಉಳಿಸಿಕೊಳ್ಳೋಣ."

ಅವರು ಪರದೆ ಎಂದಾಗ ಅಪ್ಪ ನನ್ನ ಮುಖ ನೋಡಿದರು.

"ಕಂಪ್ಯೂಟರ್ ನೋಡಿ ನೋಡಿ ಹಿಂಗಾಯ್ತಾ, ಮೇಡಂ?" ಎಂದು ನಾನೇ ಕೇಳಿದೆ.

"ಇಲ್ಲಮ್ಮ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಸಕ್ಕರೆಯಿಂದ ಆಗಿರೋದು."

ಆದರೆ ಊರಿಗೆ ಅದನ್ನು ಹೇಳಿ ಒಪ್ಪಿಸುವುದು ನನ್ನಿಂದಾಗಲಿಲ್ಲ. ನೋಡಲು ಬಂದವರೆಲ್ಲ ಮೊದಲು ಅಮ್ಮನ ಕಣ್ಣನ್ನೂ ಆಮೇಲೆ ಪಡಸಾಲೆಯ ಮೂಲೆಯನ್ನೂ ನೋಡಿ ನಿಟ್ಟುಸಿರು ಬಿಡುತ್ತಿದ್ದರು. "ಆ ಡಬ್ಬ ಮನೆಗೆ ಬರಬಾರದಿತ್ತು" ಎಂದು ಅತ್ತೆ ಅಡುಗೆಮನೆಯಲ್ಲಿ ಹೇಳಿದ್ದು ನನಗೆ ಕೇಳಿಸಿತು. ನಾನು ಮೊದಮೊದಲು ಡಾಕ್ಟರು ಹೇಳಿದ್ದನ್ನು ವಿವರಿಸುತ್ತಿದ್ದೆ. ಅವರು ಹೂಂಗುಟ್ಟಿ, ಎದ್ದು ಹೋಗುವಾಗ ಮತ್ತೆ ಅದೇ ಮೂಲೆಯನ್ನು ನೋಡುತ್ತಿದ್ದರು. ಆಮೇಲೆ ವಿವರಿಸುವುದನ್ನು ಬಿಟ್ಟೆ.

ಲೇಸರ್ ಕೊಡಿಸಿಕೊಂಡು ವಾಪಸಾಗುವ ಬಸ್ಸಿನಲ್ಲಿ ಅಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಕಿಟಕಿಯ ಪಕ್ಕ ಕೂತಿದ್ದಳು. ಅಪ್ಪ ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದರು. ಚಿಕ್ಕಬಳ್ಳಾಪುರ ದಾಟಿ ಶಿಡ್ಲಘಟ್ಟದ ರಸ್ತೆಗೆ ತಿರುಗಿದ ಮೇಲೆ ಅವಳು ನನ್ನ ಕಡೆಗೆ ವಾಲಿದಳು.

"ಹಂಗಾದ್ರೆ ಕಂಪ್ಯೂಟರ್ ಚೆನ್ನಾಗೇ ಇತ್ತಾ?"

"ಇತ್ತಮ್ಮ."

"ಹಳೇದೂ?"

"ಹಳೇದೂ ಚೆನ್ನಾಗೇ ಇತ್ತು."

ಅಮ್ಮ ಮತ್ತೆ ಕಿಟಕಿಯ ಕಡೆ ತಿರುಗಿದಳು. "ಪಾಪ. ಅದನ್ನ ಎಷ್ಟು ಬೈದ್ವಿ," ಎಂದಳು.

ನಾನು ಅವಳ ಕೈ ಹಿಡಿದುಕೊಂಡೆ. ಅವಳು ನಕ್ಕಳು. ಆ ನಗುವಿನಲ್ಲಿ ನನ್ನನ್ನು ಸಮಾಧಾನಪಡಿಸುವ ಪ್ರಯತ್ನವೂ ಇತ್ತು, ಅದಕ್ಕೇ ನನಗೆ ಇನ್ನೂ ಸಂಕಟವಾಯಿತು.

ಒಂದು ಕಣ್ಣು ಹೆಚ್ಚುಕಡಿಮೆ ಹೋಯಿತು. ಇನ್ನೊಂದು ಉಳಿಯಿತು, ಪೂರ್ತಿ ಅಲ್ಲ. ಮುಖ ಗುರುತು ಸಿಗುತ್ತಿತ್ತು, ಅಕ್ಕಿಯಲ್ಲಿ ಕಲ್ಲು ಆರಿಸಲಾಗುತ್ತಿರಲಿಲ್ಲ. ಹುಳ ಆರಿಸುವುದು ಅತ್ತೆಯ ಮತ್ತು ನನ್ನ ಪಾಲಿಗೆ ಬಂತು. ಅಮ್ಮ ಸೊಪ್ಪು ಹಾಕುತ್ತಿದ್ದಳು. ಹುಳ ಸೊಪ್ಪು ತಿನ್ನುವ ಸದ್ದು, ಸಣ್ಣ ಮಳೆಯ ಹಾಗೆ ಬರುವುದು, ಅದನ್ನು ಕೇಳಿಯೇ ಯಾವ ತಟ್ಟೆಗೆ ಇನ್ನೂ ಬೇಕು ಎಂದು ಹೇಳುತ್ತಿದ್ದಳು. ಒಮ್ಮೊಮ್ಮೆ ಸರಿ ಇರುತ್ತಿತ್ತು, ಒಮ್ಮೊಮ್ಮೆ ತಪ್ಪುತ್ತಿತ್ತು.

ನಾನು ಬಿಸಿಎ ಮುಗಿಸಿ ಶಿಡ್ಲಘಟ್ಟದ ಒಂದು ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡಲು ಸೇರಿದೆ. ಮೊದಲ ಸಂಬಳ ಬಂದಾಗ ತಲೆಯಲ್ಲಿ ಒಂದೇ ಯೋಚನೆ ಸುತ್ತುತ್ತಿತ್ತು. ದೊಡ್ಡ ಪರದೆ ತಂದರೆ? ರಸ್ತೆಯ ಬಣ್ಣ ಬದಲಿಸಿ ಗಾಢ ಮಾಡಿದರೆ? ಆಟದ ವೇಗ ತಗ್ಗಿಸಿದರೆ? ಇಷ್ಟೆಲ್ಲ ಆದ ಮೇಲೂ ನನಗೆ ಗೊತ್ತಿದ್ದದ್ದು ಪೆಟ್ಟಿಗೆ ರಿಪೇರಿ ಒಂದೇ. ಒಂದು ಭಾನುವಾರ ಅಮ್ಮನನ್ನು ಕೂರಿಸಿ, ಎಲ್ಲಕ್ಕಿಂತ ಸುಲಭದ, ನೆಟ್ಟಗಿರುವ ರಸ್ತೆ ಆರಿಸಿ, ಬೇರೆ ಕಾರುಗಳನ್ನೆಲ್ಲ ತೆಗೆದುಹಾಕಿ, ಬಾಣದ ಗುಂಡಿಗಳ ಮೇಲೆ ಅವಳ ಬೆರಳಿಟ್ಟೆ.

ಅವಳು ಒಂದಿಷ್ಟು ದೂರ ಓಡಿಸಿದಳು. ಕಾರು ಖಾಲಿ ರಸ್ತೆಯಲ್ಲಿ ಎತ್ತಿನಗಾಡಿಯ ಹಾಗೆ ಹೋಗುತ್ತಿತ್ತು. ಗುದ್ದಲಿಲ್ಲ.

"ನೋಡಿದ್ಯಾ, ಆಗ್ತೈತೆ," ಎಂದೆ.

ಅಮ್ಮ ಕೈ ತೆಗೆದಳು. "ಬೇಡ ಕಣಮ್ಮ."

"ಯಾಕಮ್ಮ? ದಿನಾ ಸ್ವಲ್ಪ ಸ್ವಲ್ಪ ಆಡಿದ್ರೆ ಮತ್ತೆ ಅಭ್ಯಾಸ ಆಗ್ತೈತೆ. ಪರದೆ ಇನ್ನೂ ದೊಡ್ಡದು ತರ್ತೀನಿ."

"ನಿಧಾನಕ್ಕೇ ಹೋಗೋದಾದ್ರೆ ನಡ್ಕೊಂಡೇ ಹೋಗ್ತೀನಿ ಬಿಡು. ನಂಗೆ ಬೇಕಾಗಿದ್ದು ಅದಲ್ಲ," ಎಂದಳು.

ಸಿಟ್ಟಿರಲಿಲ್ಲ ಅವಳ ದನಿಯಲ್ಲಿ. ಅಷ್ಟು ಖಚಿತವಾಗಿ ಅವಳು ತನಗೆ ಬೇಕಾದ್ದನ್ನು ಹೇಳಿದ್ದು ನಾನು ಮೊದಲ ಸಲ ಕೇಳಿದ್ದು, ಮತ್ತು ಅದನ್ನು ತಂದುಕೊಡುವ ಅಂಗಡಿ ಯಾವ ಊರಿನಲ್ಲೂ ಇರಲಿಲ್ಲ. ನಾನು ಆಟ ಮುಚ್ಚಿದೆ.

ಕಂಪ್ಯೂಟರ್ ಅಲ್ಲೇ ಇತ್ತು. ಶಾಲೆಯ ಪ್ರಶ್ನೆಪತ್ರಿಕೆ ಟೈಪು ಮಾಡಲು ನನಗೆ ಬೇಕಾಗುತ್ತಿತ್ತು. ಅದಕ್ಕೆ ಅಷ್ಟು ಶಕ್ತಿಯ ಕಾರ್ಡೇನೂ ಬೇಕಿರಲಿಲ್ಲ. ಆದರೂ ಬೆಳೆ ಮುಗಿದು ಸುಣ್ಣ ಕೂತಾಗ ರಜೆಯ ದಿನ ಪೆಟ್ಟಿಗೆ ಬಿಚ್ಚುತ್ತಿದ್ದೆ. ಬ್ರಷ್ಷಿನಿಂದ ಕಾರ್ಡಿನ ಪುಟ್ಟ ಫ್ಯಾನಿನ ರೆಕ್ಕೆಗಳನ್ನು ಒಂದೊಂದಾಗಿ ಗುಡಿಸುತ್ತಿದ್ದೆ. ಅಪ್ಪ ತೋಟದಿಂದ ಬಂದವರು ನೋಡಿ, ಏನೂ ಕೇಳದೆ, ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದರು.

ಗುಂಡಿ ಒತ್ತಿದಾಗ ಅಮ್ಮ ಅಡುಗೆಮನೆಯಿಂದ ಕೂಗುವಳು.

"ಶುರುವಾಯ್ತಾ?"

"ಆಯ್ತಮ್ಮ."

"ಸರಿ. ಕೆಲಸ ಇಲ್ದಿದ್ರೆ ಆಫ್ ಮಾಡಿ ಬಾ, ಊಟಕ್ಕೆ ಬಡಿಸ್ತೀನಿ."

ನಾನು ಸ್ವಲ್ಪ ಹೊತ್ತು ಫ್ಯಾನು ತಿರುಗುವ ಸದ್ದು ಕೇಳಿಸಿಕೊಂಡು ಕೂತಿದ್ದು, ಆಫ್ ಮಾಡಿ, ಕೈ ತೊಳೆಯಲು ಏಳುತ್ತಿದ್ದೆ.